ನಂಬರಿಗೆ ಅಂಟಿದ ಚಪ್ಪಡಿ

ಆ ಆಫೀಸಿನಲ್ಲಿ ಎರಡು ವಾಸನೆಗಳಿದ್ದವು. ಒಂದು, ಹಿತ್ತಲಲ್ಲಿ ನಿಲ್ಲುವ ಟ್ಯಾಂಕರ್ ಲಾರಿಗಳದ್ದು. ಇನ್ನೊಂದು, ಅದನ್ನು ಅಡಗಿಸಲೆಂದು ಈಗಿನ ಯಜಮಾನ ಅಳಿಯದೇವರು ಗೋಡೆಗೆ ಹೊಡೆಸಿದ ಡಬ್ಬಿಯದ್ದು. ಗಳಿಗೆಗೊಮ್ಮೆ ಅದು ಪುಸ್ಸೆಂದು ನಿಂಬೆ ಸೆಂಟು ಉಗುಳುತ್ತಿತ್ತು. ಮೊದಲನೆಯದು ಹೊಲಸು, ಸರಿ. ಹೊಲಸಿನ ಕೆಲಸ ಹೊಲಸು ನಾರದೆ ಇನ್ನೇನು ನಾರೀತು? ಎರಡನೆಯದು ಹೊಲಸಿನ ಮೇಲೆ ಪೌಡರ್ ಬಳಿದ ಹಾಗಿತ್ತು. ಫೋನಕ್ಕನಿಗೆ ಹೊಟ್ಟೆ ತೊಳಸುತ್ತಿದ್ದದ್ದು ಎರಡನೆಯದಕ್ಕೇ.

ಕಕ್ಕಸು ಗುಂಡಿಗಳನ್ನು ಖಾಲಿ ಮಾಡುವ ಆ ಕಂಪನಿಯಲ್ಲಿ ಫೋನು ಎತ್ತುವವಳು, ಯಾವ ಮನೆಗೆ ಯಾವ ಲಾರಿ ಎಂದು ಗೊತ್ತುಮಾಡುವವಳು ಅವಳೇ. ಅದಕ್ಕೇ ಡ್ರೈವರುಗಳ ಬಾಯಲ್ಲಿ ಅವಳು ಫೋನಕ್ಕ. ಆ ಡ್ರೈವರುಗಳಲ್ಲಿ ಒಬ್ಬ ಅವಳ ಗಂಡ. ಬೆಳಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು. ಸಂಜೆ ಮಾತ್ರ ಅವಳು ಬಸ್ಸು ಹಿಡಿಯುತ್ತಿದ್ದಳು, ಏಕೆಂದರೆ ಆ ಹೊತ್ತಿಗೆ ಗಂಡನ ಬೆನ್ನ ಹಿಂದೆ ಕೂರುವುದು ಅವಳ ಕೈಲಿ ಆಗುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ: ಗಂಡನೆಂದರೆ ಅವಳಿಗೆ ಪ್ರೀತಿ, ಗಂಡನ ಕೆಲಸವೆಂದರೆ ಹೇಸಿಗೆ, ಸಂಜೆಯಾಗುತ್ತಿದ್ದಂತೆ ಎರಡನ್ನೂ ಬೇರೆ ಮಾಡಲು ಅವಳಿಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಅವನಿಗೆ ಹಿತ್ತಲ ನಲ್ಲಿ, ಬೇರೆ ಬಕೆಟ್ಟು, ಬೇರೆ ಸೋಪು. ಎರಡೆರಡು ಸಲ ಮೈ ಉಜ್ಜಿಕೊಂಡ ಮೇಲೆ ಅವಳು ಬಾಗಿಲ ಸಂದಿಯಿಂದ ತುದಿಬೆರಳಲ್ಲಿ ಟವೆಲ್ಲು ಚಾಚುತ್ತಿದ್ದಳು. "ಒಳಗೆ ಬರಬಹುದಾ ಮೇಡಂ?" ಎಂದು ಅವನು ಹೊಸ್ತಿಲಾಚೆ ನಿಂತು ದಿನವೂ ಕೇಳುತ್ತಿದ್ದ. ಅದು ಅವನ ತಮಾಷೆ. ಅವಳು ಕತ್ತು ಮುಂದೆ ಚಾಚಿ ಒಂದು ಸಲ ಮೂಸಿ ನೋಡಿ, "ಹೂಂ, ಬನ್ನಿ" ಎನ್ನುತ್ತಿದ್ದಳು. ಅದು ತಮಾಷೆಯಲ್ಲ.

ಆಫೀಸಿನ ವ್ಯವಹಾರವೆಲ್ಲ ಕಂಪ್ಯೂಟರಿನ ಒಂದೇ ಶೀಟಿನಲ್ಲಿತ್ತು. ಮನೆಗೊಂದು ಸಾಲು: ಹೆಸರು, ಬೀದಿ, ಗುಂಡಿ ಎಲ್ಲಿದೆ, ಫೋನ್ ನಂಬರು. ಬಿಲ್ಲು ಅಚ್ಚಾಗುವುದೂ ಆ ಶೀಟಿನಿಂದಲೇ. ಹಿಂದೊಮ್ಮೆ ಅವಳು ವಿಳಾಸದ ಪಕ್ಕದಲ್ಲೇ 'ಈ ಮನೆಯಾಕೆ ಕೈ ತೊಳೆಯಲೂ ನೀರು ಕೊಡುವುದಿಲ್ಲ, ಕ್ಯಾನು ಒಯ್ಯಿರಿ' ಎಂದು ಡ್ರೈವರುಗಳಿಗಾಗಿ ಬರೆದಿಟ್ಟಿದ್ದಳು. ಅದು ಹಾಗೇ ಬಿಲ್ಲಿನ ಮೇಲೆ ಅಚ್ಚಾಗಿ ಆ ಮನೆಯಾಕೆಯ ಕೈ ಸೇರಿತು. ಆಕೆ ಬಿಲ್ಲು ಹಿಡಿದುಕೊಂಡು ಆಫೀಸಿಗೇ ಬಂದು ಕೂಗಾಡಿದ್ದನ್ನು ಹಳೆಯ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಹೇಳುತ್ತಿದ್ದರು. ಮೌಸಿನ ಬಲಗಡೆ ಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ 'ಟಿಪ್ಪಣಿ ಸೇರಿಸಿ' ಎಂಬುದನ್ನು ಆರಿಸಿದರೆ ಬರೆದದ್ದು ಬಿಲ್ಲಿಗೆ ಹೋಗುವುದಿಲ್ಲ ಎಂದು ತೋರಿಸಿಕೊಟ್ಟವರೂ ಅವರೇ. ಶೀಟಿನ ಆ ಚೌಕದ ಮೂಲೆಗೊಂದು ಕೆಂಪು ಚುಕ್ಕೆ. ಅದರ ಮೇಲೆ ಮೌಸು ಇಟ್ಟರೆ ಟಿಪ್ಪಣಿ ತೆರೆದುಕೊಳ್ಳುತ್ತದೆ. ಅಂದಿನಿಂದ ನಾಯಿ ಕಚ್ಚುತ್ತದೆ, ಗಲ್ಲಿ ಕಿರಿದು, ಮುಚ್ಚಳ ಒಡೆದಿದೆ, ಎಲ್ಲವೂ ಟಿಪ್ಪಣಿಯಾಯಿತು. ಲಾರಿ ಹೊರಡುವ ಮೊದಲು ಅವಳು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಅವಳ ಬಾಯಿಂದ ಬಂದದ್ದೇ ಡ್ರೈವರುಗಳಿಗೆ ದಾರಿ.

ಯಜಮಾನರು ಮಂಡಿ ನೋವೆಂದು ಮನೆ ಹಿಡಿದರು. ಅವರ ಕುರ್ಚಿಗೆ ಮಗಳ ಗಂಡ ಬಂದ. ಎದುರಿಗೆ ಎಲ್ಲರೂ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಅಳಿಯದೇವರು. ಬಂದ ದಿನವೇ ಗೋಡೆಗೆ ನಿಂಬೆ ಡಬ್ಬಿ ಬಂತು. ಫೋನಕ್ಕನ ಮೇಜಿನ ಫೋನು ಮುಟ್ಟಬೇಕಾಗಿ ಬಂದರೆ ಆತ ಮೊದಲು ಒದ್ದೆ ಕಾಗದದಿಂದ ಅದನ್ನು ಒರೆಸುತ್ತಿದ್ದ, ಅವಳ ಕಣ್ಣೆದುರೇ. ಹಿತ್ತಲಿಗೆ ಒಂದು ದಿನವೂ ಕಾಲಿಟ್ಟವನಲ್ಲ. ಡ್ರೈವರುಗಳ ಬೆವರನ್ನು ಮಾರಿ ಕೊಂಡ ಶರಟಿಗೆ ಡ್ರೈವರುಗಳ ಗಾಳಿ ತಾಗಬಾರದು!

ಒಬ್ಬ ದೊಡ್ಡ ಗಿರಾಕಿ ಬಿಲ್ಲಿನಲ್ಲಿ ಕಾಗುಣಿತದ ತಪ್ಪು ಕಂಡು ನಕ್ಕನಂತೆ. ಮರುದಿನವೇ ಅಳಿಯದೇವರು ಕಂಪ್ಯೂಟರಿನಲ್ಲಿ ಕಾಗುಣಿತ ನೋಡುವ ಯಂತ್ರವನ್ನು ಚಾಲೂ ಮಾಡಿ, ಯಾರೂ ತೆಗೆಯದಂತೆ ಪಾಸ್‌ವರ್ಡ್ ಜಡಿದ. ಶೀಟೆಲ್ಲ ಕೆಂಪಾಯಿತು. ಜನರ ಹೆಸರು, ಬೀದಿಗಳ ಹೆಸರು, ಯಾವುದೂ ಆ ಯಂತ್ರಕ್ಕೆ ಗೊತ್ತಿಲ್ಲ. ಪ್ರತಿ ಮಾತಿನ ಕೆಳಗೂ ಸೊಟ್ಟ ಕೆಂಪು ಗೆರೆ. ಗೆರೆ ಇದ್ದರೆ ಇರಲಿ ಎನ್ನೋಣ ಎಂದರೆ, ಬಲಗಡೆ ಗುಂಡಿ ಒತ್ತಿದಾಗ ಬರುವ ಪಟ್ಟಿಯೇ ಬದಲಾಯಿತು. 'ಟಿಪ್ಪಣಿ ಸೇರಿಸಿ' ಮಾಯ. ಅದಿದ್ದ ಜಾಗದಲ್ಲಿ, ಈ ಮಾತು ತಪ್ಪು, ಇದು ಇರಬಹುದೇ, ಅದು ಇರಬಹುದೇ, ಎಲ್ಲ ಕಡೆ ಬದಲಿಸಲೇ ಎಂಬ ಉಪದೇಶ. ಅವಳ ಕೈಗೆ ಹಳೆಯ ಅಭ್ಯಾಸ. ಕಣ್ಣು ನೋಡುವ ಮೊದಲೇ ಬೆರಳು ಒತ್ತಿಬಿಡುತ್ತಿತ್ತು. ಒಮ್ಮೆ ಹಾಗೆ ಒತ್ತಿ ಒಂದಿಡೀ ಬೀದಿಯ ಹೆಸರೇ ಬದಲಾಗಿ, ಇಲ್ಲದ ಬೀದಿಯನ್ನು ಹುಡುಕಿಕೊಂಡು ಲಾರಿ ಊರೆಲ್ಲ ಸುತ್ತಿ ಬಂತು.

"ಸರ್, ಇದೊಂದನ್ನ ತೆಗೆದುಬಿಡಿ," ಎಂದು ಅವಳು ಕೇಳಿಕೊಂಡಳು. "ಟಿಪ್ಪಣಿ ಬರೆಯೋಕೆ ಹೋದ್ರೆ ನನಗೇ ಪಾಠ ಹೇಳೋಕೆ ಬರತ್ತೆ."

"ಟಿಪ್ಪಣಿ ಮೇಲಿನ ಮೆನುವಲ್ಲೂ ಇದೆಯಲ್ಲ, ಹುಡುಕಿ."

"ಒಂದು ಫೋನು ಕಿವೀಲಿ, ಇನ್ನೊಂದು ಮೇಜಿನ ಮೇಲೆ ಹೊಡ್ಕೋತಿರತ್ತೆ. ಯಾವ ಕೈಯಲ್ಲಿ ಹುಡುಕಲಿ ಸರ್?"

"ನಮ್ಮ ಕೆಲಸವೇ ಗಲೀಜು ಅಕ್ಕ. ಕಾಗದದ ಮೇಲಾದ್ರೂ ಕ್ಲೀನಾಗಿ ಕಾಣೋಣ."

ನಮ್ಮ ಕೆಲಸವಂತೆ. ಅವಳಿಗೆ ಮೈಯೆಲ್ಲ ಉರಿಯಿತು. ಹೊಡೆದುಕೊಳ್ಳುತ್ತಿದ್ದ ಫೋನು ಎತ್ತಿಕೊಂಡಳು.

ಉಪಾಯ ತಾನಾಗಿಯೇ ಸಿಕ್ಕಿತು. ಆ ಯಂತ್ರಕ್ಕೆ ಅಕ್ಷರದಲ್ಲಿ ಮಾತ್ರ ಕೊಂಕು ಹುಡುಕಲು ಬರುತ್ತಿತ್ತು, ಅಂಕಿಗಳ ತಂಟೆಗೆ ಹೋಗುತ್ತಿರಲಿಲ್ಲ. ಫೋನ್ ನಂಬರಿನ ಮೇಲೆ ಬಲಗಡೆ ಗುಂಡಿ ಒತ್ತಿದರೆ ಹಳೆಯ ಪಟ್ಟಿಯೇ ಹಳೆಯ ಜಾಗದಲ್ಲಿ ಬರುತ್ತಿತ್ತು. ಅವಳು ಎಲ್ಲ ಟಿಪ್ಪಣಿಗಳನ್ನೂ ಗುಂಡಿ ಎಲ್ಲಿದೆ ಎಂಬ ಚೌಕದಿಂದ ಕಿತ್ತು ಫೋನ್ ನಂಬರಿಗೆ ನೇತುಹಾಕಿದಳು. ನಾಯಿ ಕಚ್ಚುವುದೂ ನಂಬರಿಗೆ, ಮುಚ್ಚಳ ಒಡೆದದ್ದೂ ನಂಬರಿಗೆ. ಆಗ ಅವಳಿಗೆ ತನ್ನ ಜಾಣತನದ ಬಗ್ಗೆ ಹೆಮ್ಮೆಯೇ ಆಗಿತ್ತು.

ಮೂಲೆಮನೆ ಎಂದು ಎಲ್ಲರೂ ಕರೆಯುತ್ತಿದ್ದ ಒಂದು ಮನೆಯ ಟಿಪ್ಪಣಿಯೂ ಹಾಗೇ ನಂಬರಿಗೆ ಹೋಯಿತು. ಆಗ ಆ ಮನೆಯಲ್ಲಿ ಬಾಡಿಗೆಗಿದ್ದವರು ಸಂಗೀತದ ಮೇಷ್ಟ್ರು. ಅಲ್ಲಿಗೆ ಹೋಗುತ್ತಿದ್ದ ಮೀಸೆ ಡ್ರೈವರು ಹಾರೆಯಿಂದ ತಟ್ಟಿ ನೋಡಿ ಬಂದು ಬರೆಸಿದ್ದ: 'ಗುಂಡಿಯ ಚಪ್ಪಡಿ ಒಳಗಿನಿಂದ ಟೊಳ್ಳು. ಮೇಲೆ ಕಾಲಿಡಬೇಡಿ. ಬದಿಯ ಪೈಪಿನಿಂದಲೇ ಎಳೆಯಿರಿ.' ಗುಂಡಿಗೆ ಬಿದ್ದವನು ಮುಳುಗಿ ಸಾಯುವುದಿಲ್ಲ, ಅದಕ್ಕೂ ಮೊದಲೇ ಒಳಗಿನ ಗಾಳಿ ಅವನನ್ನು ಮುಗಿಸಿರುತ್ತದೆ. ಇದು ಆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಅಳಿಯದೇವರಿಗೆ ಗೊತ್ತಿತ್ತೋ ಇಲ್ಲವೋ.

ಆಮೇಲೆ ಮೀಸೆ ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ಮೇಷ್ಟ್ರು ಸ್ವಂತ ಮನೆ ಕಟ್ಟಿಸಿಕೊಂಡು, ಹೊಸ ವಿಳಾಸ ಬರೆದುಕೊಳ್ಳಿ ಎಂದು ಫೋನು ಮಾಡಿದರು. ಫೋನಕ್ಕ ಮೂಲೆಮನೆಯ ಸಾಲಿನಿಂದ ಅವರ ನಂಬರು ಕತ್ತರಿಸಿ, ಹೊಸ ಸಾಲಿನಲ್ಲಿ ಅಂಟಿಸಿದಳು. ಕತ್ತರಿಸಿದ್ದು ನಂಬರು ಮಾತ್ರವಲ್ಲ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಈಗ ಮೂಲೆಮನೆಗೆ ಹೊಸಬರು ಬಂದಿದ್ದರು. ಆ ದಿನ ಬೆಳಗ್ಗೆಯೇ ಆ ಮನೆಯಾಕೆಯ ಫೋನು. "ಹಿಂದಿನ ಗೇಟಿಂದ ಬರೋಕೆ ಹೇಳಿ. ಬೆಲ್ಲು ಒತ್ತೋದು ಬೇಡ, ಮಾತಾಡ್ಸೋದು ಬೇಡ. ದುಡ್ಡು ಕವರಲ್ಲಿ ಹಾಕಿ ಗೇಟಿಗೆ ಸಿಕ್ಕಿಸಿರ್ತೀನಿ. ನಂಗೆ ಆ ವಾಸನೆ ಅಂದ್ರೆ ಆಗಲ್ಲ."

"ಆಯ್ತಮ್ಮ," ಎಂದಳು ಫೋನಕ್ಕ. ದಿನವೂ ಕೇಳುವ ಮಾತು. ತಪ್ಪೇನು, ತನಗೂ ಆಗುವುದಿಲ್ಲವಲ್ಲ ಎಂದುಕೊಂಡಳು. ಆ ಸಾಲಿನಲ್ಲಿ ಆಕೆಯ ನಂಬರು ತುಂಬಿದಳು. ಕೆಂಪು ಚುಕ್ಕೆ ಇರಲಿಲ್ಲ. ಗಂಡ ಕಿಟಕಿಯಾಚೆ ನಿಂತು ಕೇಳಿದ, "ಏನಾದ್ರೂ ಇದೆಯಾ?"

"ಏನಿಲ್ಲ. ಹಿಂದಿನ ಗೇಟು. ಬೆಲ್ಲು ಒತ್ಬೇಡಿ ಅಷ್ಟೇ."

ಅವನ ಜೊತೆಗಾರ ಅಂದು ಜ್ವರವೆಂದು ಬಂದಿರಲಿಲ್ಲ. ಮೊದಲು ಬೇರೆ ಎರಡು ಮನೆ ಮುಗಿಸಿ ಮೂಲೆಮನೆಗೆ ಹೋಗುವುದೆಂದು ಒಬ್ಬನೇ ಲಾರಿ ಹತ್ತಿ ಹೊರಟ.

ಮಧ್ಯಾಹ್ನದ ಹೊತ್ತಿಗೆ ಸಂಗೀತದ ಮೇಷ್ಟ್ರ ಫೋನು ಬಂತು. ಹೊಸ ಮನೆಗೂ ಒಮ್ಮೆ ಲಾರಿ ಬೇಕಿತ್ತು. ಅವಳು ಅವರ ನಂಬರಿನ ಮೇಲಿದ್ದ ಕೆಂಪು ಚುಕ್ಕೆಗೆ ಮೌಸು ಇಟ್ಟು, "ಮೇಷ್ಟ್ರೇ, ನಿಮ್ಮ ಚಪ್ಪಡಿ ಟೊಳ್ಳಲ್ವಾ, ಇನ್ನೂ ಸರಿ ಮಾಡ್ಸಿಲ್ವಾ?" ಎಂದಳು.

"ಎಲ್ಲಮ್ಮಾ ಟೊಳ್ಳು? ಹೊಸ ಮನೆ, ಕಲ್ಲಿನ ಹಾಗಿದೆ. ನೀವು ಹೇಳ್ತಿರೋದು ಹಳೇ ಮೂಲೆಮನೇದು. ಅದು ಇವತ್ತೋ ನಾಳೆಯೋ ಅನ್ನೋ ಹಾಗಿತ್ತು."

ಮೇಷ್ಟ್ರು ಇನ್ನೂ ಏನೋ ಹೇಳುತ್ತಿದ್ದರು, ಫೋನು ಇಟ್ಟುಬಿಟ್ಟಳು. ಚಪ್ಪಡಿ ಆ ಮೂಲೆಯಲ್ಲೇ ಇದೆ, ಅದರ ಮಾತು ಮಾತ್ರ ಮೇಷ್ಟ್ರ ನಂಬರಿಗೆ ಅಂಟಿಕೊಂಡು ಊರಿನ ಆ ತುದಿಗೆ ಹೊರಟುಹೋಗಿದೆ.

ಗಂಡನ ನಂಬರು ಒತ್ತಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಒಂದು ಸಲ ಜೇಬಿನ ಫೋನು ಗುಂಡಿಗೆ ಬಿದ್ದ ಮೇಲೆ ಅವನು ಕೆಲಸಕ್ಕೆ ಇಳಿಯುವಾಗ ಅದನ್ನು ಲಾರಿಯ ಸೀಟಿನ ಮೇಲೇ ಬಿಟ್ಟಿರುತ್ತಿದ್ದ. ಬಿಡಿ ಎಂದವಳೂ ಅವಳೇ. ಗುಂಡಿಯ ಕೈ ತಾಗಿದ ಫೋನು ಮನೆಯೊಳಗೆ ಬರುವುದು ಅವಳಿಗೆ ಬೇಕಿರಲಿಲ್ಲ. ಮತ್ತೆ ಒತ್ತಿದಳು. ಮತ್ತೆ ಬರೀ ರಿಂಗು.

ಮೂಲೆಮನೆಗೆ ಮಾಡಿದಳು. "ಯಾರು?" ಎಂದಿತು ಬೆಳಗಿನ ಅದೇ ದನಿ.

"ಅಮ್ಮಾ, ಟ್ಯಾಂಕರ್ ಆಫೀಸಿಂದ. ನಮ್ಮವರು ಬಂದಿದಾರಾ?"

"ಈಗ ಬಂದ ಹಾಗಿದೆ. ಹಿಂದೆ ಗಾಡಿ ಸದ್ದು ಕೇಳ್ತು."

"ತಕ್ಷಣ ಹಿಂದೆ ಹೋಗಿ ಹೇಳಿ, ಚಪ್ಪಡಿ ಮೇಲೆ ಕಾಲಿಡಬೇಡಿ ಅಂತ. ಅದು ಟೊಳ್ಳು. ಕುಸಿದುಬಿಡತ್ತೆ."

"ನಾನಾ? ನಾನು ಹೊರಗೆ ಬರಲ್ಲಪ್ಪ! ಕಿಟಕಿ ಎಲ್ಲ ಹಾಕಿ, ಸಂದೀಗೆ ಬಟ್ಟೆ ತುರುಕಿ ಕೂತಿದೀನಿ. ನೀವೇ ಫೋನ್ ಮಾಡಿ ಹೇಳಿ."

"ಅವರ ಫೋನು ಲಾರೀಲಿದೆ. ದಮ್ಮಯ್ಯ ಅಂತೀನಿ, ಬಿದ್ರೆ ಬದುಕಲ್ಲ ಅವರು. ಕಿಟಕಿಯಿಂದಲೇ ಒಂದು ಸಲ ಕೂಗಿ."

"ಅವರಿಗೆಲ್ಲ ಗೊತ್ತಿರತ್ತೆ ಬಿಡ್ರೀ, ದಿನಾ ಮಾಡೋ ಕೆಲಸ. ಕಿಟಕಿ ತೆಗೆದ್ರೆ ಪರದೆಗೆಲ್ಲ ಹತ್ಕೊಳ್ಳತ್ತೆ. ನಿನ್ನೆ ತಾನೇ ಒಗೆದು ಹಾಕಿದೀನಿ."

ಪರದೆ. ಆಚೆ ಒಬ್ಬ ಮನುಷ್ಯ ಸಾವಿನ ಮೇಲೆ ಕಾಲಿಡಲು ಹೊರಟಿದ್ದಾನೆ, ಇವಳಿಗೆ ಪರದೆಯ ಚಿಂತೆ! ಇಂಥ ಹೊಲಸನ್ನು ಫೋನಕ್ಕ ಯಾವ ಗುಂಡಿಯಲ್ಲೂ ಕಂಡಿರಲಿಲ್ಲ. ಅದಕ್ಕಿಂತ ಹೇಸಿಗೆಯ ಸಂಗತಿಯೆಂದರೆ ಆ ದನಿ ಅವಳಿಗೆ ಪರಿಚಿತವಾಗಿತ್ತು. ಬಾಗಿಲ ಸಂದಿಯಿಂದ ತುದಿಬೆರಳಲ್ಲಿ ಟವೆಲ್ಲು ಚಾಚುವವಳ ದನಿಯೂ ಹೀಗೇ ಇರುತ್ತದೆ. ಈಕೆಯ ಜಾಗದಲ್ಲಿ ತಾನಿದ್ದು, ಆಚೆ ಇದ್ದವನು ಯಾರೋ ಆಗಿದ್ದರೆ?

ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಈ ಹೆಂಗಸು ಯಾವುದಕ್ಕೆ ಏಳುತ್ತಾಳೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ತಾನು ಯಾವುದಕ್ಕೆ ಏಳುತ್ತಿದ್ದೆ ಎಂದು ಗೊತ್ತಿದ್ದ ಹಾಗೆಯೇ.

"ಅಮ್ಮಾ, ನಿಮಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ," ಎಂದಳು, ದನಿ ತಗ್ಗಿಸಿ. "ಚಪ್ಪಡಿ ಕಡೆಯಿಂದ ಪೈಪು ಹಾಕಿದ್ರೆ ಎಲ್ಲಾ ತಿರುಗಾ ಮನೆ ಒಳಗೆ ನುಗ್ಗತ್ತೆ. ಅಡುಗೆಮನೆ ಸಿಂಕಿಂದ ಮೇಲೆ ಬರತ್ತೆ. ಮೋಟಾರು ಹಾಕೋಕೆ ಮುಂಚೆ ನೀವು ನಿಲ್ಲಿಸಿದ್ರೆ ಸರಿ, ಇಲ್ಲಾಂದ್ರೆ..."

ಮಾತು ಮುಗಿಯಲಿಲ್ಲ. ಕುರ್ಚಿ ಉರುಳಿದ ಸದ್ದು, ಚಿಲಕ ಎಳೆದ ಸದ್ದು, ಬಾಗಿಲು ಗೋಡೆಗೆ ಬಡಿದ ಸದ್ದು. ಕೈಯಲ್ಲಿ ಫೋನಿದೆ ಎಂಬುದನ್ನೂ ಮರೆತು ಆಕೆ ಓಡುತ್ತಿದ್ದಳು. "ಏಯ್! ನಿಲ್ಲಿಸಯ್ಯಾ! ನಿಲ್ಲಿಸು! ಈ ಕಡೆ ಬಾ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಒಬ್ಬ ಮನುಷ್ಯನ ಜೀವಕ್ಕೆ ಕಿಟಕಿಯ ಬಟ್ಟೆ ಸರಿಸದವಳು ಸಿಂಕಿನ ಮರ್ಯಾದೆಗೆ ಬರಿಗಾಲಲ್ಲಿ ಹಿತ್ತಲಿಗೆ ಹಾರಿದ್ದಳು.

"ಅಮ್ಮಾ, ಎಲ್ಲಿದಾರೆ ಅವರು?" ಎಂದು ಫೋನಕ್ಕ ಕೂಗಿದಳು.

"ಅಲ್ಲೇ ನಿಂತಿದಾನೆ, ಪೈಪು ಹಿಡ್ಕೊಂಡು. ಒಂದು ಕಾಲು ಚಪ್ಪಡಿ ಮೇಲಿಟ್ಟಿದ್ದ, ನಾನು ಕೂಗಿದ್ದಕ್ಕೆ ತೆಗೆದ. ಏಯ್, ತೀರಾ ಹತ್ರ ಬರಬೇಡ!"

"ಫೋನನ್ನ ಅವರ ಕಡೆ ಹಿಡೀರಿ. ಹಿಡೀರಿ ಅಂದ್ನಲ್ಲ!" ಅವಳ ದನಿ ಆಕೆಗೂ ಹೆದರಿಕೆ ಹುಟ್ಟಿಸಿರಬೇಕು. ಗಾಳಿಯ ಸದ್ದು ಬಂತು. ಫೋನಕ್ಕ ಕುರ್ಚಿಯಿಂದ ಎದ್ದು ಗಂಟಲು ಹರಿಯುವಂತೆ ಅರಚಿದಳು, "ರೀ! ಚಪ್ಪಡಿ ಟೊಳ್ಳು! ಕಾಲಿಡಬೇಡ್ರೀ! ಟೊಳ್ಳು ಅದು!"

ಆಮೇಲೆ ಕಬ್ಬಿಣ ಕಲ್ಲಿಗೆ ಬಡಿದ ಸದ್ದು. ಅವನು ದೂರದಿಂದ ಹಾರೆ ಎಸೆದು ನೋಡಿರಬೇಕು. ಒಂದು ಗಳಿಗೆ ಬಿಟ್ಟು ದಡದಡ ಎಂದು ಏನೋ ಒಳಕ್ಕೆ ಕುಸಿದು, ಆಳದಲ್ಲಿ ಬಿದ್ದ ಸದ್ದು ಫೋನಿನಲ್ಲೇ ಕೇಳಿಸಿತು. "ಅಯ್ಯಯ್ಯೋ, ಥೂ, ವಾಸನೆ!" ಎಂದಳು ಮೂಲೆಮನೆಯಾಕೆ. ಅದರ ಹಿಂದೆಯೇ, "ನಾನು ಈಚೆ ಇದೀನಿ ಕಣೇ!" ಎಂದು ಗಂಡನ ದನಿ ದೂರದಿಂದ ಕೇಳಿಸಿತು. ಫೋನು ಕಟ್ಟಾಯಿತು.

ಗೋಡೆಯ ಡಬ್ಬಿ ಪುಸ್ಸೆಂದು ನಿಂಬೆ ಉಗುಳಿತು. ಫೋನಕ್ಕನಿಗೆ ಒತ್ತರಿಸಿಕೊಂಡು ಬಂತು. ಬಚ್ಚಲಿಗೆ ಓಡಿ ಕಕ್ಕಿದಳು.

ಬಾಯಿ ತೊಳೆದುಕೊಂಡು ಬಂದವಳೇ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಟಿಪ್ಪಣಿ ತೆರೆದು, ಅದನ್ನು ಗುಂಡಿಯ ಜಾಗ ಬರೆಯುವ ಚೌಕದಲ್ಲೇ, ವಿಳಾಸದ ಪಕ್ಕಕ್ಕೇ, ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು. ಚಪ್ಪಡಿ ಟೊಳ್ಳು. ಮುಚ್ಚಳ ಒಡೆದಿದೆ. ಒಳಗೆ ಗಾಳಿ ಕಟ್ಟುತ್ತದೆ, ಬಗ್ಗಬೇಡಿ. ಸಾಲು ಸಾಲಿಗೂ ಕೆಂಪು ಗೆರೆ ಎದ್ದಿತು. ಏಳಲಿ ಎಂದುಕೊಂಡಳು.

ಅಷ್ಟರಲ್ಲಿ ಅಳಿಯದೇವರು ಒಳಗಿನ ಕೋಣೆಯಿಂದ ಬಂದ. "ಮೂಲೆಮನೆಯವರು ನನಗೆ ಫೋನ್ ಮಾಡಿದ್ರು. ಸಿಂಕಿಂದ ಏನೋ ಬರತ್ತೆ ಅಂತ ಹೆದರಿಸಿದ್ರಂತೆ ನೀವು? ಗಿರಾಕಿಗೆ ಸುಳ್ಳು ಹೇಳೋದಾ?"

"ಚಪ್ಪಡಿ ಕುಸೀತು ಸರ್. ಇನ್ನೊಂದು ಗಳಿಗೆ ಆಗಿದ್ರೆ ನಮ್ಮವರು ಅದರೊಳಗಿರ್ತಿದ್ರು."

"ಗೊತ್ತಾಯ್ತು, ಪಾಪ. ಏನೂ ಆಗ್ಲಿಲ್ವಲ್ಲ." ಆತ ಒದ್ದೆ ಕಾಗದ ತೆಗೆದು ಬೆರಳು ಒರೆಸಿಕೊಂಡ. "ಆದ್ರೂ ಹೇಳೋ ರೀತಿ ಅಂತ ಒಂದಿರತ್ತೆ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿಬಿಡಿ, ಮುಗೀತು." ಆಗ ಅವನ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. "ಇದೇನಿದು? ಇದೆಲ್ಲ ಬಿಲ್ಲಿನ ಮೇಲೆ ಬರತ್ತಲ್ಲ!"

"ಬರಲಿ ಸರ್. ಮನೆಯವರೂ ಓದ್ಲಿ."

"ತೆಗೀರಿ ಅದನ್ನ."

"ನೀವು ಆ ಕೆಂಪು ಗೆರೆ ತೆಗೀರಿ, ನಾನು ಇದನ್ನ ತೆಗೀತೀನಿ. ಟಿಪ್ಪಣಿ ಇರಬೇಕಾದ ಜಾಗದಲ್ಲಿರಲಿ. ನಂಬರಿನ ಹಿಂದೆ ಓಡೋದು ಬೇಡ."

ಅಳಿಯದೇವರಿಗೆ ಅವಳು ಹೇಳಿದ್ದರಲ್ಲಿ ಒಂದಕ್ಷರ ಅರ್ಥವಾಗಲಿಲ್ಲ. ಮುಖದಲ್ಲೇ ಕಾಣುತ್ತಿತ್ತು. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. "ಮೊದಲು ಫೋನ್ ಮಾಡಿ," ಎಂದು ಎದೆಯ ಮೇಲೆ ಕೈಕಟ್ಟಿ ನಿಂತ.

ಅವಳು ಮಾಡಿದಳು. ಅವನೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. "ಅಮ್ಮಾ, ತಪ್ಪಾಯ್ತು. ನಾನು ಹೇಳಿದ್ದು ಸುಳ್ಳು. ನಿಮ್ಮ ಸಿಂಕಿಂದ ಏನೂ ಬರ್ತಿರಲಿಲ್ಲ. ಒಬ್ಬ ಮನುಷ್ಯ ಸಾಯ್ತಿದ್ದ, ಅಷ್ಟೇ."

ಅಳಿಯದೇವರು ಕೆಮ್ಮಿ, ಕಿಟಕಿಯ ಕಡೆ ನೋಡಿದ. "ಪರದೆ ಹೇಗಿದೆ ಅಮ್ಮಾ? ವಾಸನೆ ಹತ್ಕೊಳ್ತಾ?" ಎಂದು ಫೋನಕ್ಕ ಕೇಳಿ, ಉತ್ತರಕ್ಕೆ ಕಾಯದೆ ಫೋನು ಇಟ್ಟು, ಮುಂದಿನ ಸಾಲು ಬರೆಯತೊಡಗಿದಳು. ಆತ ಒಳಗೆ ಹೋದ.

ಸಂಜೆ ಅವಳು ಬಸ್ಸು ಹಿಡಿಯಲೆಂದು ಹೊರಬಂದಾಗ ಗಂಡನ ಲಾರಿ ಇನ್ನೂ ಬಂದಿರಲಿಲ್ಲ. ಕುಸಿದ ಗುಂಡಿಗೆ ಹಲಗೆ ಮುಚ್ಚಿಸಿ, ಇನ್ನೆರಡು ಮನೆ ಮುಗಿಸಿಕೊಂಡು ಬರುತ್ತೇನೆ ಎಂದು ಹೇಳಿ ಕಳಿಸಿದ್ದ. ಮನೆಗೆ ಹೋಗಿ ದೀಪ ಹಾಕಿ, ಅಡುಗೆಗಿಟ್ಟು, ಕಿವಿಯನ್ನು ಬೀದಿಗೆ ಬಿಟ್ಟು ಕೂತಳು. ಸ್ಕೂಟರು ಬಂದ ಸದ್ದಾಯಿತು. ಎಂದಿನಂತೆ ಮುಂಬಾಗಿಲಿಗೆ ಬಾರದೆ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದ ಹೆಜ್ಜೆಗಳು, ನಲ್ಲಿ ತಿರುಗಿಸಿದ ಸದ್ದು, ಬಕೆಟ್ಟಿಗೆ ನೀರು ಬೀಳುವ ಸದ್ದು.

ಅವಳು ಬಾಗಿಲು ತೆರೆದಳು, ಸಂದಿಯಲ್ಲ, ಪೂರ್ತಿ. ಅವನು ಇನ್ನೂ ಬಟ್ಟೆ ಬಿಚ್ಚಿರಲಿಲ್ಲ. ಅವಳನ್ನು ಕಂಡು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. "ತಡಿ ಮಾರಾಯ್ತಿ, ಇನ್ನೂ ಮುಟ್ಟೇ ಇಲ್ಲ ಸೋಪು."

"ಚಪ್ಪಡಿ ತಟ್ಟಿ ನೋಡೋಕೆ ಏನಾಗಿತ್ತು ನಿಮಗೆ?" ಎಂದಳು. ಕೇಳಬೇಕೆಂದಿದ್ದದ್ದು ಅದಲ್ಲ. "ಹಾರೆ ಇತ್ತಲ್ಲ ಕೈಲಿ. ಮೀಸೆ ತಟ್ಟಿ ನೋಡ್ತಿರಲಿಲ್ವಾ?"

ಅವನು ನಕ್ಕ. ಅದರಲ್ಲಿ ದೂರಿರಲಿಲ್ಲ. "ನೀನು ಏನಿಲ್ಲ ಅಂದಿದ್ಯಲ್ಲ."

ಅವಳು ಹಿತ್ತಲಿಗೆ ಇಳಿದು ಅವನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಅವನ ಶರಟು ಒದ್ದೆಯಾಗಿತ್ತು, ಯಾವುದರಿಂದ ಎಂದು ಅವಳು ಯೋಚಿಸಲಿಲ್ಲ. ನಾತ ಮೂಗಿಗೆ ಬಡಿದು ಕಣ್ಣು ಉರಿಯಿತು. ಹೇಸಿಗೆ ಒಂದು ಚೂರೂ ಕಡಿಮೆಯಾಗಲಿಲ್ಲ.

"ಬಿಡೇ, ನಿನ್ನ ಮೈಗೂ ಹತ್ಕೊಳ್ಳತ್ತೆ," ಎಂದ ಅವನು, ಕೈಗಳನ್ನು ಅವಳಿಗೆ ತಾಗದಂತೆ ಗಾಳಿಯಲ್ಲಿ ಎತ್ತಿ ಹಿಡಿದುಕೊಂಡೇ. "ಮೇಡಂ, ಸ್ನಾನ ಮಾಡಿ ಬರ್ತೀನಿ ಬಿಡಿ."

"ಸುಮ್ನಿರಿ," ಎಂದಳು, ಉಸಿರು ಬಿಗಿಹಿಡಿದು. ಬಕೆಟ್ಟು ತುಂಬಿ ನೀರು ಅವರ ಕಾಲಿನವರೆಗೆ ಹರಿದು ಬಂತು. ನಲ್ಲಿ ನಿಲ್ಲಿಸಲು ಇಬ್ಬರೂ ಹೋಗಲಿಲ್ಲ.